ಕೊಲ್ಲೇರಿನ ಮೊಣಕಾಲು ನೀರು

ಚಿಕ್ಕಮ್ಮಾ,

ನಾನು ಗಟ್ಟಿಯಾಗಿದ್ದೇನೆ. ನೀನೂ ಗಟ್ಟಿಯಾಗಿರು, ನಮ್ಮೂರ ಕೆರೆ ಅಳೆಯಲು ಅಜ್ಜಂಪುರದಿಂದ ಸರ್ವೆಯವರು ಬರುವ ದಿನ ಅದು ಬೇಕಾಗುತ್ತದೆ.

ಕೆರೆ ಉಳಿಸುವವರ ಸಭೆಗೆಂದು ಆಂಧ್ರಕ್ಕೆ ಬಂದವಳು ನಿನ್ನೆ ಕೊಲ್ಲೇರು ಸರೋವರ ನೋಡಿದೆ. ಕೃಷ್ಣಾ, ಗೋದಾವರಿಗಳ ನಡುವೆ ಕಣ್ಣು ಸೋಲುವಷ್ಟು ಸಿಹಿನೀರು. ನಟ್ಟನಡುವೆ ದೋಣಿಯವನು ನೀರಿಗೆ ಜಿಗಿದ. ನಾನು ಕಿರುಚಿಕೊಂಡೆ. ಬಳ್ಳಾರಿಯಲ್ಲಿ ದುಡಿದು ಕನ್ನಡ ಕಲಿತ ಆಸಾಮಿ ಮೊಣಕಾಲು ನೀರಲ್ಲಿ ನಿಂತು ನಕ್ಕ: "ಕೂಗಬ್ಯಾಡಕ್ಕಾ, ಇದ್ರಾಗ ಮುಳುಗಬೇಕಂದ್ರ ಮಲಗಬೇಕು!"

ಮಳೆಗಾಲದಲ್ಲಿ ಇದೇ ನೀರು ಹೊಲಗಳವರೆಗೆ ಹರಡಿ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಅಗಲವಾದ, ಆಳವಿಲ್ಲದ ಕೆರೆಯ ಗುಣವೇ ಅದು. "ಬೇಸಿಗೇಲಿ ಒಣಗೋ ಜಾಗ ಕೆರೆ ಹೆಂಗಾಯ್ತದೆ? ಬೇಲಿ ಹಾಕ್ತೀನಿ" ಅನ್ನುತ್ತಾನಲ್ಲ ನಮ್ಮ ಸಾಹುಕಾರ, ಅವನನ್ನು ಎಲ್ಲರೆದುರು ಕೇಳು: ನೀರಿಳಿದ ಜಾಗವನ್ನು ನಾವು ಕೆರೆಯಂಗಳ ಅನ್ನುವುದು ಯಾಕೆ? ಮನೆಯವರು ನೆಂಟರೂರಿಗೆ ಹೋದರೆ ಅಂಗಳ ಪಕ್ಕದವನದಾಗುತ್ತದೆಯೇ? ಕೇಳಿದ ಮೇಲೆ ನಿನ್ನ ಎಮ್ಮೆಗಳನ್ನು ಅಲ್ಲೇ ಕಟ್ಟು.

ಮಂಡಿನೋವಿನ ಮಾತ್ರೆ ತಪ್ಪಿಸಬೇಡ. ಬಸ್ಸು ಬಂತು. ಫೋನು ಮಾಡಬಹುದಿತ್ತು, ಅಂಚೆಯವನೂ ಓದಿ ಊರಿಗೆಲ್ಲ ಸಾರಲಿ ಎಂದೇ ಕಾರ್ಡು ಬರೆದೆ.

ನಿನ್ನ ಕೋಮಲಾ