ಸೆನೈದಾಳ ಖಾಲಿ ವರ್ಷ

ಮಾರ್ಚ್ ೧೪, ಶುಕ್ರವಾರ

ಆ ಪ್ರಶ್ನೆ ಇನ್ನೂ ಕಿವಿಯಲ್ಲೇ ಕೂತಿದೆ. "ಶಾಲೆ ಮುಗಿದ ಮೇಲೆ ಒಂದು ವರ್ಷ ಮನೇಲಿ ಸುಮ್ನೆ ಕೂತಿದ್ಯಾ?" ಮೆಕ್ಸಿಕೋದ ಈ ಬೆಟ್ಟದೂರಿನಿಂದ ಕೆಳಗೆ ವಾಹಾಕಾ ಪಟ್ಟಣದಲ್ಲಿ ಇವತ್ತು ನನ್ನ ಹಳೆಯ ವಿದ್ಯಾರ್ಥಿನಿ ಸೆನೈದಾಳ ಸಂದರ್ಶನ, ನರ್ಸಿಂಗ್ ಓದಿನ ವಿದ್ಯಾರ್ಥಿವೇತನಕ್ಕೆ. ಕೇಳಿದ ಮನುಷ್ಯ ಅವಳ ಮುಖವನ್ನೂ ನೋಡಲಿಲ್ಲವಂತೆ.

ಸುಮ್ಮನೆ ಕೂತಿದ್ದಳಂತೆ! ಅಪ್ಪ ಸತ್ತ ವರ್ಷವೇ ಅವರ ಮನೆಗೆ ಊರ ಸೇವೆಯ ಸರದಿ ಬಂತು; ಮನೆಗೊಬ್ಬರು ಸಂಬಳವಿಲ್ಲದೆ ಮಾಡಲೇಬೇಕಾದ ಸೇವೆ. ಈ ಹುಡುಗಿ ಕಾವಲಿನ ಕೋಲು ಹಿಡಿದು ಒಂದು ವರ್ಷ ಊರು ಕಾದಳು. ಕುಡುಕರ ಜಗಳ ಬಿಡಿಸಿದಳು. ಹೆರಿಗೆ ನೋವು ಬಂದ ನಮ್ಮೂರ ರೊಸೆಂದಾಳನ್ನು ಕುರ್ಚಿಯಲ್ಲಿ ಕೂರಿಸಿ, ಮೂವರು ಗಂಡಸರ ಜೊತೆ ಹೆಗಲು ಕೊಟ್ಟು, ಬೆಟ್ಟ ಇಳಿಸಿ ರಸ್ತೆ ಮುಟ್ಟಿಸಿದಳು. ನರ್ಸ್ ಆಗಲು ಇನ್ನೇನು ಬೇಕಿತ್ತು ಆ ಮಹಾಶಯನಿಗೆ?

"ಬಾಯಿಬಿಟ್ಟು ಹೇಳ್ಬಾರ್ದಿತ್ತೇನೇ?" ಎಂದೆ ಬಸ್ಸಿನಲ್ಲಿ.

"ಹೇಳ್ದೆ ಮೇಷ್ಟ್ರೇ. ಅರ್ಜೀಲಿ ಇಲ್ವಲ್ಲ ಅಂದ್ರು."

ನಾನು ಹಲ್ಲು ಕಡಿಯುತ್ತಿದ್ದೆ. ಅವಳು ಜೋಳದ ಹಿಟ್ಟಿನ ಕಡುಬು, ತಮಾಲೆಯ ಎಲೆ ಬಿಚ್ಚಿ ಅರ್ಧ ನನ್ನ ಕೈಗಿಟ್ಟಳು. "ತಿನ್ನಿ. ಕೋಲು ತಗೊಂಡೇ ಹೋಗ್ಬೇಕಿತ್ತು, ಎದ್ದು ನಿಂತು ಮಾತಾಡ್ತಿದ್ರು."

ಆ ಕಚೇರಿಗೆ ಖಾರವಾಗಿ ಒಂದು ಪತ್ರ ಬರೆಯೋಣವೆಂದು ಈಗ ಅವಳ ಅರ್ಜಿಯ ಪ್ರತಿ ತೆಗೆದೆ. 'ಕೆಲಸದ ಅನುಭವ' ಎಂಬಲ್ಲಿ 'ಇಲ್ಲ' ಎಂದಿದೆ. ಅಕ್ಷರ ನನ್ನದು. ಊರವರ ಅರ್ಜಿಗಳನ್ನೆಲ್ಲ ತುಂಬುವವನು ನಾನೇ ತಾನೆ. ಸಂಬಳವಿಲ್ಲದ ಸೇವೆಯನ್ನು ಕೆಲಸವೆಂದು ಬರೆಯಲು ನನಗೆ ತೋಚಲೇ ಇಲ್ಲ. ನನ್ನ ಮನೆಯ ಸರದಿಯಲ್ಲಿ ಎರಡು ಸಲ ಅದೇ ಕೋಲು ಹಿಡಿದ ನನಗೆ.

ಬಸ್ಸಿನಲ್ಲಿ ತಮಾಲೆ ಮುರಿದು ಕೊಡುವಾಗಲೇ ಅವಳಿಗೆ ಇದು ಗೊತ್ತಿತ್ತು.