ಏಳನೆಯ ಸಂಖ್ಯೆಯ ಮುಚ್ಚಳ

ಬ್ಯಾಡಗಿ
೧೮ ಫೆಬ್ರುವರಿ ೨೦೨೫

ಅಂಜಲಿಯ ಅಪ್ಪನವರಿಗೆ ಶ್ವೇತಾಳ ನಮಸ್ಕಾರ.

ಗುಂಟೂರಿನ ಬಿಸಿಲು ಹೇಗಿದೆ? ಸೊಂಟದ ನೋವಿಗೆ ಇಟ್ಟ ಎಣ್ಣೆ ಚೀಲದ ತಳದಲ್ಲಿದೆ, ಹುಡುಕಿ ಹಚ್ಚಿಕೊಳ್ಳಿ. ಅಲ್ಲಿಯ ಊಟ ಬಹಳ ಖಾರವಂತೆ. ಮೆಣಸಿನಕಾಯಿ ಊರಿನವನಿಗೆ ಅದೇನು ಹೇಳ್ತಿ ಅಂತೀರಿ, ಆದರೆ ನಿಮ್ಮ ಹೊಟ್ಟೆ ನನಗೆ ಗೊತ್ತು. ಅಂಜಲಿಗೆ ಹಲ್ಲು ಬರುತ್ತಿವೆ. ಅವಳ ಮೈ ಸ್ವಲ್ಪ ಬೆಚ್ಚಗಾದರೂ ನನ್ನ ನಿದ್ದೆ ಹೋಯಿತು. ಅವಳು ಮಲಗಿದ ಮೇಲೂ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಾ ಕೂಡುತ್ತೇನೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಈ ಕಾಗದ.

ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಯಂತ್ರದ ಪೇಟೆಂಟ್ ಅರ್ಜಿಗೆ ಆಕ್ಷೇಪಣೆ ಬಂದಿದೆಯಲ್ಲ, ಅದರಲ್ಲಿ ಸಣ್ಣಪುಟ್ಟವನ್ನೆಲ್ಲ ತಿದ್ದಿದ್ದೇನೆ. ಒಂದು ಗೆರೆ ತಿದ್ದಲು ಬೆಂಗಳೂರಿಗೆ ಕಳಿಸಿ ಕಾಯುವುದೇಕೆ, ಮನೆಯಲ್ಲೇ ಮಾಡು ಎಂದು ನೀವು ಚಿತ್ರದ ಸಾಫ್ಟ್‌ವೇರ್ ಹಾಕಿಸಿಕೊಟ್ಟಿದ್ದು ಒಳ್ಳೆಯದೇ ಆಯಿತು. ಬಣ್ಣ ತೆಗೆದು ಕಪ್ಪು ಗೆರೆ ಮಾಡಿದೆ, ಚಿತ್ರದೊಳಗಿನ ಮಾತುಗಳನ್ನು ಅಳಿಸಿ ಸಂಖ್ಯೆ ಮಾತ್ರ ಉಳಿಸಿದೆ. ಉಳಿದದ್ದು ಒಂದೇ. ವಿವರಣೆಯಲ್ಲಿ ‘ಕೈ ಒಳಹೋಗದಂತೆ ತಡೆಯುವ ಮುಚ್ಚಳ, ೭’ ಎಂದಿದೆ, ಚಿತ್ರದಲ್ಲಿ ಏಳೇ ಇಲ್ಲ. ಚಿತ್ರದಲ್ಲಿ ತೋರಿಸಿ, ಇಲ್ಲವೇ ವಿವರಣೆಯಿಂದ ತೆಗೆಯಿರಿ ಎಂದು ಪೇಟೆಂಟ್ ಕಚೇರಿಯವರು ಕೇಳಿದ್ದಾರೆ.

ಆ ಮುಚ್ಚಳವನ್ನು ನಾನು ಚಿತ್ರದ ಬೇರೆ ಪದರದಲ್ಲಿ, ಅಂದರೆ ಲೇಯರಿನಲ್ಲಿ, ಬರೆದಿದ್ದೆ. ರೋಲರ್ ಕಾಣುವುದಿಲ್ಲ, ಮರೆಮಾಡು ಎಂದಿರಿ, ಮಾಡಿದೆ. ಆಮೇಲೆ ಕಾಯಿ ಸಿಕ್ಕಿಕೊಳ್ಳುತ್ತದೆ ಎಂದು ಯಂತ್ರದಿಂದಲೂ ಬಿಚ್ಚಿ ತೆಗೆದಿರಿ. ರಾಣೆಬೆನ್ನೂರಿನ ವರ್ಕ್‌ಶಾಪಿನಲ್ಲಿ ಮಾಡಿದ ಆ ತಗಡು ಈಗ ನಮ್ಮ ಹಿತ್ತಲಲ್ಲಿದೆ. ಅತ್ತೆಯವರು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ. ಕಂಪ್ಯೂಟರಿನಲ್ಲಿ ಮುಚ್ಚಳದ ಪದರ ಇನ್ನೂ ಇದೆ. ಅದರ ಮುಂದಿನ ಕಣ್ಣಿನ ಗುರುತು ಒತ್ತಿದರೆ ಎದ್ದು ಬರುತ್ತದೆ, ಬರೆಯುವ ಶ್ರಮವೂ ಇಲ್ಲ.

ಒತ್ತು ಅಂತ ನೀವು ದಿನಾ ಫೋನು ಮಾಡುತ್ತೀರಿ. ಮಾವನವರೂ ಪಕ್ಕದಲ್ಲಿ ನಿಂತು ನೋಡುತ್ತಾರೆ. “ಚಿತ್ರದಾಗ ಮುಚ್ಚಳ ಐತಿ ಅಂದ್ರ ಮಿಷಿನ್ನಿಗೂ ಇತ್ತು ಅಂತಾರವಾ. ಆಕೀನ ತಗದಾಳ ಅಂದ್ರ ಹಾವೇರಿ ಕೇಸು ಅಲ್ಲಿಗಿ ಮುಗೀತು,” ಎಂದರು. ಆಕೆ ಅಂದರೆ ರಹಿಮತಬಿ. ನಾನು ಈ ಮನೆಗೆ ಬರುವ ಮೊದಲಿನಿಂದ ನಮ್ಮ ಶೆಡ್ಡಿನಲ್ಲಿ ತೊಟ್ಟು ಬಿಡಿಸಿದವಳು. ಅವಳ ಹೆಸರನ್ನೂ ಅವರು ಎತ್ತಲಿಲ್ಲ.

ಅವಳನ್ನು ನೋಡಲು ನಾನು ಆಸ್ಪತ್ರೆಗೆ ಹೋಗಿದ್ದೆ, ನಿಮಗೆ ಹೇಳಿರಲಿಲ್ಲ. ರೋಲರಿಗೆ ಸಿಕ್ಕಿ ಬಲಗೈಯ ನಾಲ್ಕು ಬೆರಳೂ ಹೋಗಿವೆ. ಅಂಥದ್ದರಲ್ಲೂ ನಗೆ ಮಾಡಿದಳು: “ಬರೇ ಖಾರ ತಿಂದು ಬ್ಯಾಸರಾಗಿತ್ತು ಕಾಣಸ್ತದವಾ ನಿಮ್ಮ ಮಿಷಿನ್ನಿಗಿ, ಬಾಯಿರುಚಿ ಬದಲಿಗಿ ನನ್ನ ಬೆರಳು ಬೇಡ್ತು.” ಅಂಜಲಿಯನ್ನು ಎತ್ತಿಕೊಳ್ಳಲು ರೂಢಿಯಂತೆ ಬಲಗೈ ಚಾಚಿದಳು. ಬಟ್ಟೆ ಸುತ್ತಿದ ಆ ಕೈಯನ್ನು ಕೂಸು ಹಿಡಿಯಲು ಹೋಯಿತು. ರಹಿಮತಬಿ ಕೈ ಹಿಂದಕ್ಕೆ ಎಳೆದುಕೊಂಡು, ಸೆರಗಿನೊಳಗೆ ಹಾಕಿ, ಗೋಡೆ ಕಡೆ ಮುಖ ಮಾಡಿದಳು. ನಾನು ಕೂಸನ್ನು ಎತ್ತಿಕೊಂಡು ಬಂದೆ.

ನೀವು ಕೆಟ್ಟವರಲ್ಲ. ಸೀಸನ್ನಿನ ಮಾಲು ಬಿದ್ದಿತ್ತು, ಯಂತ್ರ ನಿಲ್ಲಬಾರದಿತ್ತು, ಅಷ್ಟೇ. ಕೇಸು ತಣ್ಣಗಾಗುವವರೆಗೆ ಊರಲ್ಲಿರಬೇಡಿ ಎಂದು ವಕೀಲರು ಹೇಳಿದ್ದಕ್ಕೆ ನೀವು ಗುಂಟೂರಿಗೆ ಹೋದಿರಿ, ಅದನ್ನೂ ಬಲ್ಲೆ. ಆದರೆ ಹೆಣ್ಣುಮಗಳ ಹೆಸರಿನಲ್ಲಿ ಅರ್ಜಿ ಹಾಕಿದರೆ ಅದರ ಪರೀಕ್ಷೆ ಲಗೂ ಆಗುತ್ತದೆ ಎಂದು ಅರ್ಜಿದಾರಳನ್ನಾಗಿ ನನ್ನನ್ನು ಮಾಡಿದವರೂ ನೀವೇ. ಹಾಳೆಯ ಕೆಳಗೆ ಸಹಿ ನನ್ನದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆ ಮಾವ ಆರೋಗ್ಯವಾಗಿದ್ದಾರೆ. ಅಂಜಲಿ ನಿಮ್ಮ ಅಂಗಿಯನ್ನು ಕಚ್ಚಿಕೊಂಡೇ ಮಲಗುತ್ತಾಳೆ.

ನಿಮ್ಮ
ಶ್ವೇತಾ

ತಾ.ಕ.: ಉತ್ತರ ನಿನ್ನೆಯೇ ಕಳಿಸಿದೆ. ಚಿತ್ರಕ್ಕೆ ಮುಚ್ಚಳ ಹಾಕಲಿಲ್ಲ. ವಿವರಣೆಯಿಂದ ಏಳನ್ನು ಅಳಿಸಿದೆ. ಪೇಟೆಂಟ್ ಸಿಕ್ಕೀತು, ಕೇಸು ಮಾತ್ರ ನಿಮ್ಮ ಮೇಲೆಯೇ ಬರುತ್ತದೆ. ಮಾವನವರಿಗೆ ಇನ್ನೂ ಹೇಳಿಲ್ಲ. ನಾಳೆ ಹಾವೇರಿಯಿಂದ ಕೇಸಿನ ಅಧಿಕಾರಿಗಳು ಯಂತ್ರ ನೋಡಲು ಬರುತ್ತಾರೆ. ತಗಡಿನ ಮೇಲಿನ ಸಂಡಿಗೆ ತೆಗೆದು, ತೊಳೆದು, ಶೆಡ್ಡಿನ ಬಾಗಿಲಿಗೆ ಆನಿಸಿ ಇಟ್ಟಿದ್ದೇನೆ. ಯಾರು ಬಿಚ್ಚಿದರೆಂದು ಕೇಳಿದರೆ ಹೇಳುತ್ತೇನೆ. ಅಷ್ಟರಲ್ಲಿ ನೀವೇ ಬಂದು ಹೇಳಿದರೆ ಸಾಕಿತ್ತು, ಆದರೆ ಈ ಕಾಗದ ನಾಳೆಯೊಳಗೆ ನಿಮಗೆ ಮುಟ್ಟುವುದಿಲ್ಲ.