ಗುಡ್ಡ ಹತ್ತದ ಥಿಯರಿಸ್ಟ್

ಕಶ್ಯಪನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗುರುತು ಕಂಡರೆ ಕಾಣಲಿ.

ಬಾಳೆಹೊನ್ನೂರಿನಲ್ಲಿ ಬಸ್ಸಿಗೆ ಕಾಯುತ್ತ ಒಮ್ಮೆ ನೀನು ಥಿಯರಿಸ್ಟ್ ಎಂಬ ಪದವನ್ನು ಬಿಡಿಸಿ ಹೇಳಿದ್ದೆ. ಯೋಚನೆಯಲ್ಲೇ ಮುಳುಗಿರುವವರನ್ನು ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ, ಆದರೆ ಅದರ ಬೇರು ಗ್ರೀಕಿನ ಥಿಯೊರೋಸ್. ಊರವರು ಆರಿಸಿ ದೂರದ ಉತ್ಸವಕ್ಕೋ ದೈವದ ನುಡಿ ಕೇಳಲಿಕ್ಕೋ ಕಳಿಸಿದವನು, ಕಣ್ಣಾರೆ ನೋಡಿ ಬಂದು ಹೇಳಬೇಕಾದವನು ಎಂದೆ. “ನಮ್ಮೂರು ಸಿರಿಮನೆಯಲ್ಲೂ ಇದಾನಲ್ಲ ಮಾರಾಯ್ತಿ, ನೀರು ನೋಡ್ಲಿಕ್ಕೆ ಹೋಗುವವ” ಎಂದು ನೀನು ನಕ್ಕೆ. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯ ನಮ್ಮ ರೂಢಿಯನ್ನು ಅಷ್ಟು ಎತ್ತರಕ್ಕೇರಿಸಿದನೆಂದು ನಾನು ಉಬ್ಬಿಹೋಗಿದ್ದೆ.

ನಮ್ಮ ಐದು ಮನೆಗೂ ಗುಡ್ಡದ ಒರತೆಯಿಂದ ಬರುವುದು ಒಂದೇ ಪೈಪು. ನೀರು ನಿಂತರೆ ಒಬ್ಬರು ಹತ್ತಿ ನೋಡಿ ಬರಬೇಕು; ನೋಡಿ ಬಂದವರ ಮಾತಿಗೆ ಎದುರಾಡುವಂತಿಲ್ಲ. ಈ ನವರಾತ್ರಿ ಕಳೆದ ಮೇಲೆ ರಜೆಗೆ ಊರಿಗೆ ಬಂದಿದ್ದ ನಿನ್ನನ್ನೇ ಎಲ್ಲರೂ ಕಳಿಸಿದರು. ಸಂಜೆ ಬಂದು, “ಒರತೆ ತುಂಬಿದೆ. ಮೇಲಿನ ಮನೆ ಶರಣ್ಯಾಂದು, ನರ್ಸರಿನೂ ಅವಳದೇ. ನೀರು ಅಲ್ಲೇ ತಿರುಗ್ತಿದೆ” ಎಂದು ನೀನು ಎಲ್ಲರೆದುರು ನನ್ನ ಹೆಸರನ್ನೇ ಹೇಳಿದೆ. ನಾನು ನಿನ್ನ ಕಾಲು ನೋಡಿದೆ. ಒಂದು ಉಂಬಳ ಕಚ್ಚಿದ ಗುರುತೂ ಇರಲಿಲ್ಲ. ಆ ಕಾಡಿನ ಜಿಗಣೆಗಳಿಗೆ ರಕ್ತ ಕೊಡದೆ ಇಳಿದವರಿಲ್ಲ. ಆದರೂ ಬಾಯಿ ಬಿಡಲಿಲ್ಲ. ರೂಢಿಗೆ ಹೆದರಿ ಅಲ್ಲ, ನೀನು ಸುಳ್ಳು ಹೇಳುತ್ತೀಯೆಂದು ನಂಬಲು ಮನಸ್ಸಾಗಲಿಲ್ಲ.

ನನ್ನ ಪೈಪು ಕತ್ತರಿಸಿದರು. ನನ್ನಲ್ಲಿಗೆ ಹನಿಯುತ್ತಿದ್ದಷ್ಟು ನೀರೂ ನಿಂತು ನರ್ಸರಿಯ ಕಾಳುಮೆಣಸಿನ ಸಸಿಗಳೆಲ್ಲ ಬಾಡಿದವು. ಪಕ್ಕದ ಮನೆಯ ಸುಮನಾ ಕಂಡರೆ ಮುಖ ತಿರುಗಿಸಿದಳು. ಹದಿನೈದು ದಿನ ನೀರುಗಳ್ಳಿಯಾಗಿ ಬದುಕಿದೆ. ಅಷ್ಟಾದರೂ ಅವರ ನಲ್ಲಿಗೆ ನೀರು ಬರಲಿಲ್ಲ. ಕೊನೆಗೆ ಕೆಳಮನೆಯ ಹೂವಪ್ಪನ ಜೊತೆ ನಾನೇ ಗುಡ್ಡ ಹತ್ತಿದೆ. ಒರತೆಯ ಮೇಲೆ ದೊಡ್ಡ ಮರ ಬಿದ್ದು ಪೈಪು ಜಜ್ಜಿಹೋಗಿತ್ತು. ಮರದ ಎಲೆಗಳೆಲ್ಲ ಒಣಗಿ ಉದುರಿದ್ದವು, ಬಿದ್ದು ತಿಂಗಳಾಗಿರಬೇಕು. “ಅವ್ರು ಇಲ್ಲಿಗೆ ಬರ್ಲೇ ಇಲ್ಲ” ಎಂದ ಹೂವಪ್ಪ.

ಅಷ್ಟರಲ್ಲಿ ನೀನು ಕಾಲೇಜಿರುವ ಎನ್.ಆರ್. ಪುರದ ರೂಮು ಸೇರಿದ್ದೆ. ಫೋನಿನಲ್ಲಿ ಕೇಳಿದರೆ, “ಹೋಗೋ ಅಗತ್ಯ ಕಾಣ್ಲಿಲ್ಲ. ಯೋಚಿಸಿದ್ರೆ ಹಾಗೇ ಇರಬೇಕು ಅನ್ನಿಸ್ತು. ಎಲ್ಲರೆದುರು ನನ್ನ ಮರ್ಯಾದೆ ತೆಗೀಬೇಡ” ಎಂದೆ. ನನ್ನ ಮರ್ಯಾದೆ ನಿನ್ನ ಯೋಚನೆಗೆ ಎಲ್ಲೂ ಅಡ್ಡ ಬರಲಿಲ್ಲವೇ? ಮೂವತ್ತು ವರ್ಷದ ಗೆಳತಿಯನ್ನು ಕಳ್ಳಿ ಮಾಡುವ ಮೊದಲು ಒಂದು ಗುಡ್ಡ ಹತ್ತಬಾರದಿತ್ತೇ? ನನಗೆ ಉರಿಯುವುದು ಇದಕ್ಕೇ.

ಬರುವ ಭಾನುವಾರ ಐದೂ ಮನೆಯವರು ನಮ್ಮ ಅಂಗಳದಲ್ಲಿ ಸೇರುತ್ತಾರೆ. ಈ ಸಲ ನೋಡಿ ಬಂದವಳು ನಾನು. ಕಂಡದ್ದನ್ನಷ್ಟೇ ಹೇಳುತ್ತೇನೆ: ಬಿದ್ದ ಮರ, ಜಜ್ಜಿದ ಪೈಪು, ಒಣಗಿದ ಎಲೆ. ನೀನೇಕೆ ಹಾಗೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಊಹಿಸಿ ಹೇಳುವುದಿಲ್ಲ. ಅದನ್ನು ನೀನೇ ಬಂದು ಹೇಳು. ಬರುವ ಮುಂಚೆ ಒಮ್ಮೆ ಒರತೆಯವರೆಗೆ ಹತ್ತಿ ಬಾ.

ಈ ಬಾರಿಯಾದರೂ ನಿನ್ನ ಕಾಲಿಗೆ ಉಂಬಳ ಕಚ್ಚಲಿ ಎಂದು ಹಾರೈಸುವ,
ಶರಣ್ಯಾ